ಹನ್ನೆರಡರಲ್ಲಿ ಭಾಗ ಹೋಗದ ಶರ್ಟುಗಳು

ಕಣ್ಣಿಗೆ ಬಿದ್ದ ಯಾವ ಸಂಖ್ಯೆಯನ್ನೂ ವರಲಕ್ಷ್ಮಿ ಸುಮ್ಮನೆ ಬಿಟ್ಟವಳಲ್ಲ. ಮಂಚೇನಹಳ್ಳಿಯಿಂದ ಕುಡುಮಲಕುಂಟೆಯ ಬಟ್ಟೆ ಫ್ಯಾಕ್ಟರಿಗೆ ಹೆಂಗಸರನ್ನು ತುಂಬಿಕೊಂಡು ಹೋಗುವ ವ್ಯಾನಿನ ನಂಬರ್ 2317. ಕೊನೆಯ ಏಳನ್ನು ಎರಡರಷ್ಟು ಮಾಡಿ, ಉಳಿದ 231ರಲ್ಲಿ ಕಳೆದರೆ 217. ಅದಕ್ಕೂ ಹಾಗೇ ಮಾಡಿದರೆ ಉಳಿಯುವುದು ಏಳು. ಅಂದಮೇಲೆ ವ್ಯಾನಿನ ನಂಬರು ಏಳರಲ್ಲಿ ಪೂರ್ತಿ ಭಾಗ ಹೋಗುತ್ತದೆ. ಹೋದರೆ ಬಂದ ಭಾಗ್ಯವೇನು ಅಂತ ಕೇಳಬೇಡಿ. ಕೂರಲು ಸೀಟು ಕೂಡ ಸಿಗುತ್ತಿರಲಿಲ್ಲ.

ಈ ಹುಚ್ಚು ಹಿಡಿಸಿದ್ದು ಏಳನೇ ಕ್ಲಾಸಿನ ವೆಂಕಟರಾಯಪ್ಪ ಮೇಷ್ಟ್ರು. ಭಾಗಾಕಾರ ಮಾಡುವುದು ಕತ್ತೆ ಕೆಲಸ, ಮಾಡದೆಯೇ ಹೇಳುವುದು ಮನುಷ್ಯರ ಕೆಲಸ ಎನ್ನುತ್ತಿದ್ದರು. ಅಂಕಿಗಳನ್ನೆಲ್ಲ ಕೂಡಿದಾಗ ಬಂದ ಮೊತ್ತ ಮೂರರಲ್ಲಿ ಹೋದರೆ ಸಂಖ್ಯೆಯೂ ಮೂರರಲ್ಲಿ ಹೋಗುತ್ತದೆ. ಕೊನೆಯ ಎರಡು ಅಂಕಿ ನಾಲ್ಕರಲ್ಲಿ ಹೋದರೆ ಇಡೀ ಸಂಖ್ಯೆ ನಾಲ್ಕರಲ್ಲಿ ಹೋಗುತ್ತದೆ. ಎರಡೂ ಸರಿಹೋದರೆ ಹನ್ನೆರಡರಲ್ಲಿ ಹೋಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ವರಲಕ್ಷ್ಮಿಗೆ ಲೆಕ್ಕದಲ್ಲಿ ತೊಂಬತ್ತನಾಲ್ಕು ಬಂತು, ಇಂಗ್ಲಿಷಿನಲ್ಲಿ ಇಪ್ಪತ್ತೊಂದು. ಮನೆಯವರು ಇಪ್ಪತ್ತೊಂದನ್ನು ಮಾತ್ರ ನೋಡಿದರು. ಮುಂದಿನ ವೈಶಾಖಕ್ಕೆ ಮದುವೆ ಆಯಿತು. ಗಂಡ ತಿರುಮಲೇಶನದು ನಾಲ್ಕು ಎಕರೆ ಮುಸುಕಿನ ಜೋಳ, ಜಗಳವಿಲ್ಲದ ಮನುಷ್ಯ. ಸೊಸೆ ಒಲೆ ಮುಂದೆ ಕೂತು ತುಟಿ ಅಲ್ಲಾಡಿಸುವುದನ್ನು ಕಂಡು ಅತ್ತೆ ಅಕ್ಕಯ್ಯಮ್ಮ, ಯಾವುದೋ ದೇವರ ಮಂತ್ರ ಇರಬೇಕು ಅಂತ ಬಹಳ ದಿನ ಭಯಭಕ್ತಿಯಿಂದ ಇದ್ದಳು.

ಫ್ಯಾಕ್ಟರಿ ಸೇರಿ ಹದಿಮೂರು ವರ್ಷ. ವರಲಕ್ಷ್ಮಿಯದು ಪ್ಯಾಕಿಂಗ್ ಟೇಬಲ್ಲು. ಜೊತೆಗೆ ನಾಲ್ವರು ಹೆಂಗಸರು. ಇಸ್ತ್ರಿಯಾದ ಶರ್ಟು ಮಡಚಿ ಬಾಕ್ಸಿಗೆ ಹನ್ನೆರಡರಂತೆ ತುಂಬಿ, ಮೇಲೆ ಲೇಬಲ್ ಅಂಟಿಸಬೇಕು. ಬೆಳಿಗ್ಗೆ ಸೂಪರ್‌ವೈಸರು ಅಂದಿನ ಮಾಲಿನ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆಯುತ್ತಾನೆ, ಬಾಕ್ಸಿಗೊಂದರಂತೆ ಲೇಬಲ್ಲಿನ ಕಟ್ಟು ಕೊಡುತ್ತಾನೆ. ಸಂಜೆ ಒಂದು ಲೇಬಲ್ ಮಿಕ್ಕರೂ ಟೇಬಲ್ಲಿನವರು ಉತ್ತರ ಹೇಳಬೇಕು.

ಆ ಮಂಗಳವಾರ ಸೂಪರ್‌ವೈಸರ್ ಮುರಳಿಮೋಹನ್ ಬೋರ್ಡಿನ ಮೇಲೆ ಬರೆದದ್ದು 4516. ಟೇಬಲ್ ಮೇಲೆ ಇಟ್ಟದ್ದು 377 ಲೇಬಲ್. ಚಾಕ್‌ಪೀಸು ಕೆಳಗಿಡುವುದರೊಳಗೆ ವರಲಕ್ಷ್ಮಿಯ ಲೆಕ್ಕ ಮುಗಿದಿತ್ತು. ನಾಲ್ಕು, ಐದು, ಒಂದು, ಆರು ಕೂಡಿದರೆ ಹದಿನಾರು. ಮೂರರಲ್ಲಿ ಹೋಗುವುದಿಲ್ಲ, ಒಂದು ಮಿಗುತ್ತದೆ. ಕೊನೆಯ ಹದಿನಾರು ನಾಲ್ಕರಲ್ಲಿ ಹೋಗುತ್ತದೆ. ಹಾಗಾದರೆ ಹನ್ನೆರಡರ ಲೆಕ್ಕದಲ್ಲಿ ನಾಲ್ಕು ಶರ್ಟು ಮಿಗಲೇಬೇಕು.

"ಸಾರ್, ಇದು ಹನ್ನೆರಡರಲ್ಲಿ ಭಾಗ ಹೋಗಲ್ಲ. ಕೊನೇ ಬಾಕ್ಸಿಗೆ ಎಂಟು ಕಮ್ಮಿ ಬೀಳ್ತವೆ."

"ಮಡಚಿ ನೋಡಿದ್ಯೇನಮ್ಮ?"

"ಮಡಚೋದ್ಯಾಕೆ ಸಾರ್? ಸಂಖ್ಯೇನೇ ಹೇಳ್ತೈತಲ್ಲ."

"ಲೇಬಲ್ ಕಂಪ್ಯೂಟರ್ ಹಾಕಿರೋದು. ನಿನಗಿಂತ ಅದಕ್ಕೆ ಜಾಸ್ತಿ ಗೊತ್ತು. ಕೆಲಸ ನೋಡು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಇವನು. ಹತ್ತು ಗಂಟೆಗೆ ಒಮ್ಮೆ, ಟೀ ಹೊತ್ತಿಗೆ ಒಮ್ಮೆ ವರಲಕ್ಷ್ಮಿ ಮತ್ತೆ ಹೇಳಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಮಧ್ಯಾಹ್ನ ಅವನು ಬೋರ್ಡ್ ಒರೆಸಿ ನಾಳೆಯ ಶರ್ಟುಗಳ ಬಣ್ಣದ ಹೆಸರು ಬರೆದ. 4516 ಅಲ್ಲಿಗೆ ಅಳಿಸಿಹೋಯಿತು.

ಸಂಜೆ ಐದೂವರೆಗೆ 376 ಬಾಕ್ಸು ತುಂಬಿ ನಿಂತವು. 377ನೆಯದರಲ್ಲಿ ನಾಲ್ಕೇ ಶರ್ಟು. ಮುರಳಿಮೋಹನ್ ಕಂಪ್ಯೂಟರ್ ನೋಡಿಬಂದ. ಆರ್ಡರು 4524, ಎಂಟು ಶರ್ಟು ಕಾಣೆ. ತಾನೇ ಬೆಳಿಗ್ಗೆ 4516 ಎಂದು ಬರೆದದ್ದು ಅವನಿಗೆ ನೆನಪಿಗೇ ಬರಲಿಲ್ಲ. ನೆನಪಿಗೆ ಬಂದದ್ದು ಒಂದೇ.

ಮನೆಗೆ ಹೊರಟ ಐದೂ ಜನರನ್ನು ಗೇಟಿನಲ್ಲಿ ನಿಲ್ಲಿಸಿದರು. ಸೆಕ್ಯುರಿಟಿ ಹೆಂಗಸು ಬ್ಯಾಗು ಸುರಿದಳು, ಊಟದ ಡಬ್ಬಿಯ ಮುಚ್ಚಳ ತೆಗೆದಳು, ಸೆರಗು ಕೊಡವಲು ಹೇಳಿದಳು. ಸುತ್ತ ಮೂರು ವ್ಯಾನಿನ ಜನ. ಮ್ಯಾನೇಜರ್ ರಮೇಶ್‌ಬಾಬು ಬಂದು ನಿಂತಾಗ ಮುರಳಿಮೋಹನ್ ಎಲ್ಲರಿಗೂ ಕೇಳುವಂತೆ ಕೂಗಿದ.

"ಇವಳೇ ಕಳ್ಳಿ ಸಾರ್! ಎಂಟು ಕಮ್ಮಿ ಬೀಳುತ್ತೆ ಅಂತ ಬೆಳಿಗ್ಗೇನೇ ಹೇಳಿದ್ಲು. ಕದಿಯೋರಿಗಲ್ದೆ ಇನ್ಯಾರಿಗೆ ಮೊದ್ಲೇ ಗೊತ್ತಿರುತ್ತೆ?"

ವರಲಕ್ಷ್ಮಿಯ ಮೈ ಉರಿದುಹೋಯಿತು. ಹದಿಮೂರು ವರ್ಷದಲ್ಲಿ ಒಂದು ಗುಂಡಿಯನ್ನೂ ಮನೆಗೆ ಒಯ್ದವಳಲ್ಲ. ಇವತ್ತೇ ಈ ಮಾತು ವ್ಯಾನು ಹತ್ತಿ ಮಂಚೇನಹಳ್ಳಿಯಲ್ಲಿ ಇಳಿಯುತ್ತದೆ. ಅಲ್ಲಿಂದ ಅವಳ ಮನೆ ಬಾಗಿಲಿಗೆ ಎಷ್ಟು ಹೊತ್ತು?

"ಅಂಕಿ ಕೂಡಿ ಹೇಳ್ದೆ ಸಾರ್. ಕೂಡಿದ್ರೆ ಹದಿನಾರು ಬರುತ್ತೆ, ಮೂರರಲ್ಲಿ ಹೋಗಲ್ಲ. ಅದಕ್ಕೇ..."

"ಏನಮ್ಮ, ಅಂಕಿ ಕೂಡಿದ್ರೆ ಶರ್ಟು ಎಲ್ಲಿಗೆ ಹೋಯ್ತು ಅಂತ ಗೊತ್ತಾಗುತ್ತಾ?" ರಮೇಶ್‌ಬಾಬು ನಕ್ಕ. ಸುತ್ತ ನಿಂತವರಲ್ಲೂ ಕೆಲವರು ನಕ್ಕರು.

"ಎಲ್ಲಿಗೂ ಹೋಗಿಲ್ಲ ಸಾರ್! ನಮ್ಮ ಟೇಬಲ್ಲಿಗೆ ಬಂದೇ ಇಲ್ಲ ಅಂತ ಗೊತ್ತಾಗುತ್ತೆ. 4516 ಅಂತ ಇವರೇ ಬರೆದಿದ್ರು, ಕೇಳಿ."

ಮುರಳಿಮೋಹನ್ ವ್ಯಾನಿನ ಕಡೆ ಮುಖ ತಿರುಗಿಸಿದ. ಇನ್ನು ಯಾವ ಭಾಷೆಯಲ್ಲಿ ಹೇಳಬೇಕು? ಮೂರು ಸಲ ಬಾಯಿಬಿಟ್ಟು ಹೇಳಿದ್ದೇ ಈಗ ಮೂರು ಸಾಕ್ಷಿಯಾಗಿ ಅವಳ ಮೇಲೆ ತಿರುಗಿ ನಿಂತಿತ್ತು. ವೆಂಕಟರಾಯಪ್ಪ ಮೇಷ್ಟ್ರ ಮೇಲೂ ಅವಳಿಗೆ ಸಿಟ್ಟು ಬಂತು. ಭಾಗ ಹೋಗುತ್ತದೋ ಇಲ್ಲವೋ ತಿಳಿಯುವುದನ್ನು ಕಲಿಸಿದರು. ತಿಳಿದದ್ದನ್ನು ಯಾರ ಮುಂದೆ ಹೇಳಬಾರದು ಎಂಬುದನ್ನು ಕಲಿಸಲಿಲ್ಲ.

ಕಲೆ ತೊಳೆಯುವ ರೂಮಿನ ಕಲ್ಯಾಣಿ ಅದೇ ಹೊತ್ತಿಗೆ ವ್ಯಾನಿಗೆ ಬಂದವಳು ಗುಂಪು ಕಂಡು ಇಣುಕಿದಳು. ವಿಷಯ ಕೇಳಿ ಒಳಕ್ಕೆ ಓಡಿದಳು. ಹ್ಯಾಂಗರಿನಲ್ಲಿ ನೀರು ಸೋರುವ ಎಂಟು ಶರ್ಟನ್ನೂ ಒಂದು ಚೀಟಿಯನ್ನೂ ಎತ್ತಿಕೊಂಡು ಬಂದಳು.

"ಅಯ್ಯೋ ರಾಮ, ಎಂಟೂ ನನ್ಹತ್ರ ಇವೆ! ಎಣ್ಣೆ ಕಲೆ ಅಂತ ಬೆಳಿಗ್ಗೇನೇ ಕಳಿಸಿದ್ರಲ್ಲ ಸಾರ್. ಚೀಟಿಗೆ ಮುರಳಿ ಸಾರೇ ಸೈನ್ ಹಾಕವ್ರೆ."

ಚೀಟಿ ರಮೇಶ್‌ಬಾಬುವಿನ ಕೈಗೆ ಹೋಯಿತು. ಅವನು ಮೊಬೈಲ್ ತೆಗೆದು 4516ನ್ನು ಹನ್ನೆರಡರಿಂದ ಭಾಗಿಸಿ ನೋಡಿದ. ಚುಕ್ಕಿಯ ಆಚೆ ಮೂರು ಮೂರು ಮೂರು ಸಾಲುಗಟ್ಟಿತು. "ಸರಿ ಸರಿ, ಹೊರಡಿ, ವ್ಯಾನಿಗೆ ಲೇಟಾಗುತ್ತೆ" ಎಂದ. ಅಷ್ಟೇ. ನೆಲಕ್ಕೆ ಚೆಲ್ಲಿದ್ದ ಬಾಚಣಿಗೆ, ಚಿಲ್ಲರೆ, ಮಾತ್ರೆಯ ಚೀಟಿಗಳನ್ನು ಐವರೂ ಬಗ್ಗಿ ಆರಿಸಿಕೊಂಡರು. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ.

ವ್ಯಾನಿನಲ್ಲಿ ಅವಳ ಟೇಬಲ್ಲಿನ ಯಶೋದಮ್ಮನೇ ಮೊದಲು ಬಾಯಿ ತೆಗೆದದ್ದು. "ನಿಂಗ್ಯಾಕೆ ಬೇಕಿತ್ತೇ ವರಲಕ್ಷ್ಮಿ? ಬೆಳಿಗ್ಗೆ ಬಾಯಿ ಮುಚ್ಕೊಂಡಿದ್ರೆ ಎಣಿಸ್ಕೊಂಡು ಸುಮ್ನಾಗ್ತಿದ್ರು. ನಿನ್ನ ಲೆಕ್ಕದಿಂದ ನಮ್ಮ ಸೆರಗು ಕೊಡವೋ ಹಾಗಾಯ್ತು."

ಗೇಟಿನಲ್ಲಿ ಬಾರದ ಅಳು ಈಗ ಬಂತು. ಹೊರಗಿನವರು ಕಳ್ಳಿ ಅಂದರೆ ಎದುರು ಮಾತಾಡಬಹುದು, ಒಳಗಿನವರು ತಪ್ಪು ನಿನ್ನದೇ ಅಂದರೆ ಏನು ಹೇಳುವುದು? ಮನೆಯಲ್ಲಿ ಗಂಡ ಏನಾಯಿತೆಂದು ಕೇಳಿದ್ದಕ್ಕೆ ತಲೆನೋವು ಅಂದಳು. ನಾಳೆಯಿಂದ ಯಾವ ಸಂಖ್ಯೆಯನ್ನೂ ನೋಡುವುದಿಲ್ಲ ಎಂದು ಆಣೆ ಮಾಡಿಕೊಂಡಳು.

ಮಾರನೆಯ ಬೆಳಿಗ್ಗೆ ಬೋರ್ಡಿನ ಮೇಲೆ ಬಣ್ಣದ ಹೆಸರುಗಳಷ್ಟೇ ಇದ್ದವು, ಸಂಖ್ಯೆ ಇರಲಿಲ್ಲ. ಮುರಳಿಮೋಹನ್ ಚೀಟಿ ಹಿಡಿದು ಅವಳ ಪಕ್ಕಕ್ಕೆ ಬಂದ. ಕಳ್ಳ ಬೆಕ್ಕಿನ ಹಾಗೆ ಅತ್ತಿತ್ತ ನೋಡಿ, ಬಗ್ಗಿ ಪಿಸುಗುಟ್ಟಿದ.

"ಅಕ್ಕಾ, ಇವತ್ತು 5238. ಹೋಗುತ್ತಾ?"

ನಿನ್ನೆ ಕಳ್ಳಿಯಾಗಿದ್ದವಳು ಇವತ್ತು ಅಕ್ಕ. ಆಣೆಯನ್ನು ಲೆಕ್ಕಿಸದೆ ತಲೆ ತನ್ನ ಪಾಡಿಗೆ ತಾನು ಕೂಡಿಬಿಟ್ಟಿತ್ತು. ಮೊತ್ತ ಹದಿನೆಂಟು, ಮೂರರಲ್ಲಿ ಹೋಗುತ್ತದೆ. ಕೊನೆಯ ಮೂವತ್ತೆಂಟು ನಾಲ್ಕರಲ್ಲಿ ಹೋಗುವುದಿಲ್ಲ, ಎರಡು ಮಿಗುತ್ತದೆ. ಹನ್ನೆರಡರ ಲೆಕ್ಕಕ್ಕೆ ಆರು ಮಿಗುತ್ತವೆ. ವರಲಕ್ಷ್ಮಿ ಕೈಯಲ್ಲಿದ್ದ ಶರ್ಟು ಕೆಳಗಿಟ್ಟಳು.

"ಜೋರಾಗಿ ಕೇಳಿ ಸಾರ್. ನಿನ್ನೆ ಕಳ್ಳಿ ಅಂದಿದ್ದು ಎಲ್ಲಾರ್ಗೂ ಕೇಳಿಸ್ತು."

ಸಾಲಿನಲ್ಲಿದ್ದ ಹೆಂಗಸರ ಕೈಗಳು ನಿಂತವು. ಮುರಳಿಮೋಹನನ ಮುಖ ಕೆಂಪಾಯಿತು. ಚೀಟಿ ಜೇಬಿಗೆ ತುರುಕಿಕೊಂಡು ಆಫೀಸಿನ ಕಡೆ ನಡೆದ. ಅವನು ಜೋರಾಗಿ ಕೇಳಲಿಲ್ಲ.

ವರಲಕ್ಷ್ಮಿ ಅವನು ಬಾಗಿಲು ದಾಟುವವರೆಗೂ ಕಾಯಲಿಲ್ಲ.

"ಕೇಳಿಸ್ಕೊಳ್ರಮ್ಮ, ಸಂಜೆಗೆ ಆರು ಶರ್ಟು ಉಳೀತವೆ" ಎಂದು ಇಡೀ ಹಾಲಿಗೆ ಕೇಳುವಂತೆ ಕೂಗಿದಳು. "ನಾನು ಈಗ್ಲೇ ಹೇಳಿದೀನಿ."