ಮನೆಯೊಳಗಿನ ಹೊರಗೋಡೆ

ಉತ್ತರ ಕಲ್ಕತ್ತೆಯ ಶೋಭಾಬಜಾರ್ ಕಡೆ ಒಂದು ಹಳೆಯ ಬೀದಿಯಿದೆ. ನಾಲ್ಕು ವರ್ಷ ಅದನ್ನು ನನ್ನದೆಂದೇ ತಿಳಿದುಕೊಂಡಿದ್ದೆ. ಅಲ್ಲಿ ನನಗೆ ಮನೆಯಿಲ್ಲ, ನೆಂಟರಿಲ್ಲ. ನಾವಿರುವುದು ನಗರದ ಇನ್ನೊಂದು ತುದಿಯಲ್ಲಿ, ಬೆಹಾಲಾದ ಒಂದು ಫ್ಲ್ಯಾಟಿನಲ್ಲಿ. ಆದರೂ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಯಿತೋ ಇಲ್ಲವೋ, ಟಾಲಿಗಂಜ್‌ವರೆಗೆ ಆಟೋ, ಅಲ್ಲಿಂದ ಮೆಟ್ರೋ ಹಿಡಿದು, ಚೀಲದಲ್ಲಿ ಟೇಪು, ಪೆನ್ಸಿಲ್ಲು, ನಕ್ಷೆ ಬರೆಯುವ ದೊಡ್ಡ ಪುಸ್ತಕ ಹಾಕಿಕೊಂಡು ಅಲ್ಲಿಗೆ ಹೋಗಿಬಿಡುತ್ತಿದ್ದೆ. ಸರಕಾರಿ ಕಚೇರಿಯೊಂದರ ಡ್ರಾಯಿಂಗ್ ವಿಭಾಗದಲ್ಲಿ ನನ್ನ ಕೆಲಸ. ವಾರವಿಡೀ ಗೋದಾಮು, ಕ್ವಾರ್ಟರ್ಸು, ಒಳಚರಂಡಿಗಳ ನಕ್ಷೆ ತಿದ್ದಿ ಬೇಸತ್ತ ಕೈಗೆ ಆ ಬೀದಿಯ ಮನೆಗಳು ಹಬ್ಬದ ಊಟವಿದ್ದಂತೆ.

ಬೀದಿಯ ಪೂರ್ವದ ಸಾಲು ಹಳೆಯದು. ಹಿಂದೆ ಉಪ್ಪು, ಬಟ್ಟೆ, ಮರದ ವ್ಯಾಪಾರ ಮಾಡಿದ ಕುಟುಂಬಗಳು ಕಟ್ಟಿಸಿದ ದೊಡ್ಡ ಮನೆಗಳು. ಇಟ್ಟಿಗೆಯ ಮೇಲೆ ಸುಣ್ಣದ ಗಾರೆ ಮೆತ್ತಿ ಕಲ್ಲಿನವೇ ಅನ್ನುವಂತೆ ತೀಡಿದ ಕಂಬಗಳು, ಎರಕದ ಕಬ್ಬಿಣದ ಕಟಕಟೆಯ ಬಾಲ್ಕನಿಗಳು, ಹಸಿರು ಬಣ್ಣದ ಮರದ ಪಟ್ಟಿಗಳ ಕಿಟಕಿಗಳು. ನಡುವಿನ ಕೋಲನ್ನು ಎಳೆದರೆ ಪಟ್ಟಿಗಳೆಲ್ಲ ಒಟ್ಟಿಗೆ ಮಗುಚಿಕೊಳ್ಳುತ್ತವೆ. ಒಳಗಿದ್ದವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗಿದ್ದವರು ಕಾಣುವುದಿಲ್ಲ. ಎದುರಿನ ಸಾಲು ಆಮೇಲಿನದು. ಅಲ್ಲಿ ದುಂಡು ಬಾಲ್ಕನಿಯ, ಹಡಗಿನ ಮೂತಿಯ ಹಾಗೆ ಮೂಲೆ ತಿರುಗಿದ ಸಿಮೆಂಟಿನ ಮನೆಗಳು. ಒಂದರ ಕೆಳಗೆ ಮುದ್ರಣಾಲಯ, ಇನ್ನೊಂದರ ಕೆಳಗೆ ಮಿಠಾಯಿ ಅಂಗಡಿ. ಬಹುಪಾಲು ಮನೆಗಳ ಮುಂದೆ ನಮ್ಮ ಊರಿನ ಕಟ್ಟೆಯಂಥದೇ ಒಂದು ಕಟ್ಟೆ. ಅದರ ಮೇಲೆ ಕೂತು ಪೇಪರ್ ಓದುವ ಹಿರಿಯರು ನನಗೆ ‘ಫಿತೆ ದಿದಿ’ ಎಂದು ಹೆಸರಿಟ್ಟಿದ್ದರು. ಟೇಪಿನ ಅಕ್ಕ ಎಂದರ್ಥ. ಆ ಹೆಸರಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ.

ಪೂರ್ವದ ಸಾಲಿನ ಒಂದು ಮನೆ ನನ್ನನ್ನು ಬಿಡದೆ ಕಾಡಿತ್ತು. ಮುಂದೆ ಆರು ಕಂಬ, ಮೂರು ಅಂತಸ್ತು, ಬಾಗಿಲ ಮೇಲೆ ಅರ್ಧಚಂದ್ರಾಕಾರದ ಬಣ್ಣದ ಗಾಜು. ಪಕ್ಕದ ಸಂದಿಗೆ ಹೋಗಿ ನೋಡಿದರೆ ಮಾತ್ರ ಬೇರೆಯೇ ಕಥೆ. ಬೀದಿಯಿಂದ ಹದಿನಾಲ್ಕು ಅಡಿ ಒಳಗೆ ಗೋಡೆಯಲ್ಲಿ ಮೇಲಿಂದ ಕೆಳಗೆ ಒಂದು ಬಿರುಕಿನಂಥ ಗೆರೆ. ಗೆರೆಯ ಈಚೆಗೆ ದಪ್ಪ ಇಟ್ಟಿಗೆ, ಆಚೆಗೆ ತೆಳ್ಳಗಿನ, ಹಳೆಯ ಕಾಲದ ಇಟ್ಟಿಗೆ. ಅಂದರೆ ಕಂಬಗಳ ಈ ಮುಂಭಾಗ ಆಮೇಲೆ ಅಂಟಿಸಿದ್ದು. ಒಳಗೆಲ್ಲೋ ಇದಕ್ಕಿಂತ ಹಳೆಯ ಮುಖವೊಂದು ಇರಬೇಕು ಎಂದು ಊಹಿಸಿದ್ದೆ. ಆದರೆ ಒಳಗೆ ಹೋಗದೆ ರುಜುವಾತು ಮಾಡುವುದು ಹೇಗೆ? ಆ ಮನೆಯ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದವರು ದೊಡ್ಡ ಸೊಸೆ, ಅರವತ್ತು ದಾಟಿದ ನಿವೃತ್ತ ಭೂಗೋಳದ ಟೀಚರು. ನಾಲ್ಕು ವರ್ಷದಲ್ಲಿ ಆಕೆ ನನಗೆ ಕೊಟ್ಟಿದ್ದು ಒಂದು ಲೋಟ ನೀರು. ಚೀಟಿಯಲ್ಲಿ ನನ್ನ ಫೋನ್ ನಂಬರ್ ಬರೆದುಕೊಟ್ಟು, "ಒಂದು ದಿನ ಒಳಗೆ ನೋಡಲು ಬಿಡಿ" ಎಂದು ಹಿಂದಿಯಲ್ಲಿ ಕೇಳಿಕೊಂಡಿದ್ದೆ. "ನೋಡೋಣ" ಎಂದು ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಬಾಗಿಲು ಹಾಕಿದ್ದರು.

ಹೀಗಿರುವಾಗ ಆ ಹುಡುಗಿ ಬಂದಳು. ಕರೆದುಕೊಂಡು ಬಂದವಳು ನಾನೇ. ಯುಗಾದಿಗೆ ಇಲ್ಲಿನ ಕನ್ನಡದವರೆಲ್ಲ ಸೇರಿದಾಗ ಪರಿಚಯವಾಗಿತ್ತು. ಬೆಂಗಳೂರಿನವಳು, ಸೆಕ್ಟರ್ ಫೈವ್‌ನ ಐಟಿ ಕಂಪನಿಯಲ್ಲಿ ಕೆಲಸ, ಇಲ್ಲಿಗೆ ಬಂದು ಇನ್ನೂ ಐದು ತಿಂಗಳು. ನನ್ನ ಪುಸ್ತಕ ತಿರುವಿಹಾಕಿ, "ಅಕ್ಕ, ನಾನೂ ಬರ್ಲಾ? ಭಾನುವಾರ ರೂಮಲ್ಲಿ ಬೋರು" ಅಂದಳು. ನನಗೆ ಖುಷಿಯೇ ಆಯಿತು. ಮೊದಲ ವಾರ ಟೇಪಿನ ಇನ್ನೊಂದು ತುದಿ ಹಿಡಿದು ಹೇಳಿದಂತೆ ಕೇಳಿದಳು. ಎರಡನೆಯ ವಾರ ಕಟ್ಟೆಯ ಹಿರಿಯರ ನಡುವೆ ಕೂತು ಚಹಾ ಕುಡಿಯುತ್ತಿದ್ದಳು. ಹನ್ನೆರಡು ವರ್ಷದಿಂದ ಈ ಊರಿನಲ್ಲಿರುವ ನನಗೆ ಬಂಗಾಳಿ ಅರ್ಥವಾಗುತ್ತದೆ, ಆದರೆ ತಪ್ಪಾದೀತೆಂದು ಬಾಯಿ ಬಿಡುವುದು ತರಕಾರಿಯವನ ಹತ್ತಿರ ಮಾತ್ರ. ಅವಳಿಗೆ ಆ ನಾಚಿಕೆಯೇ ಇಲ್ಲ. ಹತ್ತು ಪದದಲ್ಲಿ ಒಂಬತ್ತು ತಪ್ಪಾಡಿ, ಜನ ನಕ್ಕರೆ ತಾನೂ ನಕ್ಕು, ಹನ್ನೊಂದನೆಯದನ್ನು ಕೇಳಿ ಕಲಿಯುತ್ತಿದ್ದಳು.

ಮೂರನೆಯ ಭಾನುವಾರ ಮೇಲಿನ ಬಾಲ್ಕನಿಯಿಂದ ದೊಡ್ಡ ಸೊಸೆ ಅವಳನ್ನು ಕರೆದರು. ಅವಳನ್ನು ಮಾತ್ರ. "ಬಂದೆ ಅಕ್ಕ, ಎರಡೇ ನಿಮಿಷ" ಎಂದು ಓಡಿದಳು. ನನಗೆ ನಾಲ್ಕು ವರ್ಷ ತೆರೆಯದ ಬಾಗಿಲು ಅವಳಿಗೆ ತೆರೆದು, ಅವಳ ಹಿಂದೆ ಮುಚ್ಚಿಕೊಂಡಿತು. ನಾನು ಬೀದಿಯಲ್ಲಿ ನಿಂತು, ಆಗಲೇ ಮೂರು ಸಲ ಅಳೆದಿದ್ದ ಕಂಬದ ಸುತ್ತಳತೆಯನ್ನು ಮತ್ತೊಮ್ಮೆ ಅಳೆದೆ. ಮುಕ್ಕಾಲು ಗಂಟೆಯಾದ ಮೇಲೆ ಬಂದಳು.

"ಒಳಗೆ ಏನಿದೆ?" ಎಂದೆ.

"ಸಖತ್ತಾಗಿದೆ ಅಕ್ಕ. ದೊಡ್ಡ ಅಂಗಳ, ಅದರಾಚೆ ದೇವಿ ಕೂರಿಸೋ ಹಜಾರ, ಐದು ಕಮಾನು. ಆಂಟಿ ಎಷ್ಟು ಚೆನ್ನಾಗಿ ಮಾತಾಡ್ತಾರೆ ಗೊತ್ತಾ?"

"ಕಮಾನು ಎಂಥವು? ಬರೇ ದುಂಡಗಿವೆಯೋ, ಅಂಚಿಗೆ ಎಸಳು ಇವೆಯೋ?"

"ಅಯ್ಯೋ, ಅದು ನೋಡ್ಲೇ ಇಲ್ಲ."

ಕಣ್ಣಿಲ್ಲದವಳಿಗೆ ಬಾಗಿಲು, ಕಣ್ಣಿರುವ ನನಗೆ ಬೀದಿ. ಅದಾದ ಮೇಲೆ ಪ್ರತಿ ವಾರವೂ ಅವಳಿಗೆ ಕರೆ ಬರತೊಡಗಿತು. ಅಡುಗೆಮನೆ ನೋಡಿದಳು, ತಾರಸಿ ನೋಡಿದಳು. ಮೂರು ಸಲ ನನ್ನನ್ನೂ ಕರೆದಳು, "ಬನ್ನಿ ಅಕ್ಕ, ನಾನು ಕೇಳ್ತೀನಿ" ಎಂದು. ಅವಳು ಕೇಳಿ ನನಗೆ ಒಳಗೆ ಪ್ರವೇಶ ಸಿಗಬೇಕೇ? "ನನಗೆ ಕೆಲಸ ಇದೆ" ಎಂದು ಸಂದಿಯೊಳಗೆ ಹೋಗಿ ನಿಲ್ಲುತ್ತಿದ್ದೆ.

ಮನೆಯಲ್ಲಿ ಯಜಮಾನರ ಮುಂದೆ ಒಂದು ದಿನ ಅವಳ ಬಗ್ಗೆ ದೂರಿಕೊಂಡೆ. ಅವರು ಶೇಂಗಾ ಚಟ್ನಿ ಕಲಸುತ್ತ ಕೇಳಿಸಿಕೊಂಡು, "ಅಕಿ ಹೋದ್ರ ನಿನಗೇನು ತ್ರಾಸು? ಆ ಬೀದಿ ಏನ್ ನಿಮ್ಮಪ್ಪಂದೇನು?" ಅಂದರು.

"ಅಕಿಗೆ ಏನೂ ತಿಳಿಯಂಗಿಲ್ಲರೀ."

"ನಿನಗೆಲ್ಲಾ ತಿಳೀತದ. ಆದ್ರ ಮಂದೀನ ಮಾತಾಡ್ಸೂದು ತಿಳಿಯಂಗಿಲ್ಲ," ಎಂದು ರೊಟ್ಟಿ ಮುರಿದರು. ಎರಡು ದಿನ ಅವರ ಜೊತೆ ನೆಟ್ಟಗೆ ಮಾತಾಡಲಿಲ್ಲ.

ದುರ್ಗಾಪೂಜೆಯ ಹಬ್ಬ ಮುಗಿದ ಮೇಲೆ, ಒಂದು ಶುಕ್ರವಾರ ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ದೊಡ್ಡ ಸೊಸೆ! ಪಾಲುದಾರರೆಲ್ಲ ಒಪ್ಪಿ ಮನೆಯನ್ನು ಬಿಲ್ಡರಿಗೆ ಬಿಟ್ಟಿದ್ದಾರಂತೆ. ಮನೆಯ ಉಳಿದವರೆಲ್ಲ ಆಗಲೇ ಹೋಗಿಯಾಗಿದೆ. ಸೋಮವಾರ ಬಾಗಿಲು ಕಿಟಕಿ ಕೀಳಲು ಆಳುಗಳು ಬರುತ್ತಾರೆ.

"ಆ ಹುಡುಗಿಯ ಫೋನು ಮೂರು ದಿನದಿಂದ ಸ್ವಿಚ್ ಆಫ್. ನಿನ್ನ ಚೀಟಿ ಸಿಕ್ಕಿತು, ಅದಕ್ಕೇ ಮಾಡಿದೆ. ಭಾನುವಾರ ಬೆಳಿಗ್ಗೆ ಬರಲು ಅವಳಿಗೆ ಹೇಳು. ಹಜಾರದ ಮೇಲಿನ ಕೋಣೆ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಹಿಂದೆ ಹೆಂಗಸರು ಅಲ್ಲಿ ಕೂತು ಪಟ್ಟಿಗಳ ಸಂದಿನಿಂದ ಪೂಜೆ ನೋಡುತ್ತಿದ್ದರು. ನೀನೂ ಬೇಕಾದರೆ ಬಾ."

"ಹೇಳುತ್ತೇನೆ" ಎಂದೆ.

ಅವಳ ರೂಮಿನ ವಿಳಾಸ ನನಗೆ ಗೊತ್ತಿತ್ತು. ಇ-ಮೇಲ್ ಇತ್ತು. ಅವಳ ಗೆಳತಿಯ ನಂಬರ್ ಕೂಡ ಇತ್ತು. ಶುಕ್ರವಾರ ಸಂಜೆ, ನಾಳೆ ಹೇಳಿದರಾಯಿತು ಅಂದುಕೊಂಡೆ. ಶನಿವಾರ, ಅವಳಿಗೆ ಬಿಡುವಿರಲಿಕ್ಕಿಲ್ಲ ಅಂದುಕೊಂಡೆ. ‘ನೀನೂ ಬೇಕಾದರೆ’ ಎಂಬ ಮಾತು ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಭಾನುವಾರ ಒಬ್ಬಳೇ ಹೋದೆ.

ದೊಡ್ಡ ಸೊಸೆ ಬಾಗಿಲು ತೆರೆದು ಮೊದಲು ನನ್ನ ಬೆನ್ನ ಹಿಂದೆ ನೋಡಿದರು. "ಅವಳೆಲ್ಲಿ?"

"ಅವಳಿಗೆ ಆಫೀಸಿನ ಕೆಲಸವಂತೆ," ಎಂದೆ.

ಅವರ ಮುಖ ಬಾಡಿತು. "ಇವತ್ತೇ ಕೊನೆ ಎಂದು ಹೇಳಿದೆಯಾ?"

"ಹೇಳಿದೆ."

ಹೊಸ್ತಿಲು ದಾಟಿದ ಮೇಲೆ ಹದಿನಾಲ್ಕು ಅಡಿಯ ಆ ಮುಂಭಾಗದೊಳಗೇ ಒಂದು ಉದ್ದನೆಯ ಓಣಿಯಂಥ ಜಾಗ. ಅದರ ಆಚೆಯ ಗೋಡೆ ಕಂಡದ್ದೇ ಅಲ್ಲೇ ನಿಂತೆ. ಮನೆಯೊಳಗಿನ ಆ ಗೋಡೆಗೆ ಬೀದಿಯ ಕಡೆಗೆ ಇರಬೇಕಾದ ಕಿಟಕಿಗಳು! ಮೇಲೆ ಮಳೆನೀರು ತಡೆಯುವ ಗಾರೆಯ ಚಾಚು, ಕೆಳಗೆ ಸವೆದ ಕಟ್ಟೆ. ಚಾವಣಿಯಿರುವ ಜಾಗದಲ್ಲಿ ಮಳೆಗೆ ಚಾಚು ಯಾರಿಗೆ ಬೇಕು? ಇದೇ ಹಳೆಯ ಮುಖ. ನನ್ನ ಊಹೆ ಇಂಚಿಂಚೂ ನಿಜವಾಗಿತ್ತು. ಅಂಗಳದಾಚೆ ಹಜಾರದ ಐದು ಕಮಾನುಗಳ ಅಂಚಿಗೆ ಎಸಳುಗಳೂ ಇದ್ದವು, ಒಂಬತ್ತೊಂಬತ್ತು. ಮಂಡಿಯೂರಿ ಅಳೆಯಲು ಕೂತೆ. ಅವಳಿಲ್ಲದೆ ಇದೆಲ್ಲ ನನ್ನೊಬ್ಬಳದೇ ಎಂಬ ಸುಖ ಹೇಗಿತ್ತೆಂದರೆ, ಹೇಳಲು ಈಗಲೂ ನಾಚಿಕೆಯಾಗುತ್ತದೆ.

ದೊಡ್ಡ ಸೊಸೆಗೆ ಮಾತ್ರ ಸಮಾಧಾನವಿರಲಿಲ್ಲ. ತೆಂಗಿನಕಾಯಿ ಉಂಡೆ ಮಾಡಿಟ್ಟಿದ್ದರು, ಅದರ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು. ಕೊನೆಗೆ "ಇನ್ನೊಂದು ಸಲ ನೋಡುತ್ತೇನೆ" ಎಂದು ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ರಿಂಗಾಯಿತು. ನನ್ನ ಕೈಯ ಟೇಪು ಅಲ್ಲೇ ನಿಂತಿತು.

"ಆಂಟಿ! ಫೋನ್ ಕೆಟ್ಟಿತ್ತು, ಈಗಷ್ಟೇ ರಿಪೇರಿಯಾಯಿತು," ಎಂದು ಅವಳ ಹರಕುಮುರುಕು ಬಂಗಾಳಿ ಅಂಗಳದ ತುಂಬ ಕೇಳಿಸಿತು.

"ಕೆಲಸ ಮುಗಿಯಿತೇ? ಈಗಲಾದರೂ ಬಾ."

"ಯಾವ ಕೆಲಸ? ನಾನು ರೂಮಲ್ಲೇ ಇದ್ದೇನಲ್ಲ. ಏನಾಯಿತು?"

ದೊಡ್ಡ ಸೊಸೆ ನನ್ನನ್ನು ನೋಡಿದರು. ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದ ಟೀಚರಿನ ನೋಟ. ಬೈಯಲಿಲ್ಲ. "ತಕ್ಷಣ ಕ್ಯಾಬ್ ಹಿಡಿದು ಬಾ" ಎಂದಷ್ಟೇ ಹೇಳಿ ಫೋನ್ ಇಟ್ಟರು. ನಾನು ಹೊರಟುಹೋಗಬಹುದಿತ್ತು. ಆದರೆ ಹಳೆಯ ಗೋಡೆಯನ್ನು ಇನ್ನೂ ಅರ್ಧವೂ ಅಳೆದಿರಲಿಲ್ಲ, ಹಾಗಾಗಿ ಹೋಗಲಿಲ್ಲ. ನಿಜವಾದ ಕಾರಣ ಅದೇ, ಪಶ್ಚಾತ್ತಾಪವಲ್ಲ.

ಅವಳು ಬಂದದ್ದು ಒಂದು ಗಂಟೆಯ ನಂತರ. ಹಳೆಯ ಗೋಡೆಯ ಬಳಿಯಿದ್ದ ನನ್ನ ಹತ್ತಿರ ನೇರವಾಗಿ ಬಂದು ನಿಂತಳು. "ಯಾಕಕ್ಕ ಹೇಳ್ಲಿಲ್ಲ?"

ಮರೆತೆ ಎನ್ನಬೇಕೆಂದು ಬಾಯಿಯವರೆಗೆ ಬಂತು. "ನನಗ ಹೊಟ್ಟಿಕಿಚ್ಚು ಬಂದಿತ್ತು," ಎಂದೆ.

"ನಿಮಗಾ? ನನ್ನ ಮೇಲಾ?"

"ಹೂಂ. ನಾಲ್ಕು ವರ್ಷ ಹೊರಗ ನಿಂತಾಕಿ ನಾನು. ನೀ ಮೂರು ವಾರಕ್ಕ ಒಳಗ ಹೋದಿ."

ಅವಳ ಕಣ್ಣು ತುಂಬಿತು, ಸಿಟ್ಟಿನಿಂದ. "ನೀವು ಕೇಳಿದ್ರೆ ಆಗ್ತಿತ್ತು. ಅಷ್ಟು ಸಲ ಕರೆದೆ." ಮುಖ ತಿರುಗಿಸಿ ಆ ಕಿಟಕಿಯ ಕಡೆ ನೋಡುತ್ತ ನಿಂತಳು. ಒಣದನಿಯಲ್ಲಿ, "ಇಲ್ಲೇನು ಅಳೀತಿದೀರಿ?" ಎಂದಳು.

ಇದು ಒಂದು ಕಾಲದಲ್ಲಿ ಮನೆಯ ಹೊರಗೋಡೆ, ನಾವು ನಿಂತಿರುವುದೇ ಆಗಿನ ಬೀದಿ ಎಂದು ತೋರಿಸಿದೆ. ಆ ಕಿಟಕಿಯ ಮುಂದೆ ಎಷ್ಟೋ ಸಲ ಓಡಾಡಿಯೂ ಅವಳು ಗಮನಿಸಿರಲಿಲ್ಲ. ಅದು ನನಗೆ ಸಣ್ಣ ಸಂತೋಷ ಕೊಟ್ಟಿತು. ಆದರೆ ಅವಳು ಬೆಚ್ಚಿದವಳಂತೆ ತಿರುಗಿದಳು.

"ಅದಕ್ಕೇನಾ? ಈ ಮನೆ ಹೆಂಗಸರು ಈ ಜಾಗಕ್ಕೆ ‘ಬಾಯಿರೆ’ ಅಂತಾರೆ ಅಕ್ಕ. ಹೊರಗೆ ಅಂತ. ಚಪ್ಪಲಿ ಹೊರಗೆ ಬಿಡು, ಛತ್ರಿ ಹೊರಗೆ ಇಡು ಅಂತ ಇಲ್ಲೇ ಇಡಿಸ್ತಾರೆ. ಒಳಗಿದ್ದುಕೊಂಡು ಹೊರಗೆ ಅಂತಾರಲ್ಲ, ಯಾಕೆ ಅಂದರೆ ಆಂಟಿಗೂ ಗೊತ್ತಿರಲಿಲ್ಲ. ಅವರ ಅತ್ತೆಯೂ ಹಾಗೇ ಅಂತಿದ್ರಂತೆ."

ಬೀದಿ ಮನೆಯೊಳಗೆ ಸೇರಿ ತಲೆಮಾರುಗಳೇ ಕಳೆದಿದ್ದರೂ ಹೆಂಗಸರ ಬಾಯಲ್ಲಿ ಅದು ಇನ್ನೂ ಹೊರಗೇ ಉಳಿದಿತ್ತು. ಯಾವ ಟೇಪಿನಿಂದಲೂ ನನಗೆ ಇದು ಸಿಗುತ್ತಿರಲಿಲ್ಲ. ದೊಡ್ಡ ಸೊಸೆಗೆ ಅವಳು ಬಂಗಾಳಿಯಲ್ಲಿ ವಿವರಿಸಿದಳು. ಆಕೆ ಗೋಡೆಯ ಮೇಲೆ ಅಂಗೈ ಇಟ್ಟು, "ನಲವತ್ತು ವರ್ಷ ಈ ಮನೆಯಲ್ಲಿದ್ದೆ. ಹೊರಡುವ ದಿನ ಗೊತ್ತಾಯಿತು" ಎಂದು ನಕ್ಕರು. ಉಂಡೆಗಳನ್ನು ಇಬ್ಬರಿಗೂ ಕೊಟ್ಟರು.

ಆಮೇಲೆ ಅವಳ ಕೈ ಹಿಡಿದು ಮೇಲಿನ ಕೋಣೆಗೆ ಹೊರಟರು. ನಾನೂ ಎದ್ದೆ. ಮೆಟ್ಟಿಲ ಬಳಿ ನಿಂತು ಅವರು ಹೇಳಿದರು, "ನೀನು ಕೆಳಗಿರು. ನಿನ್ನ ಗೋಡೆ ಅಳೆದು ಮುಗಿಸು."

ಹುಡುಗಿ ಒಮ್ಮೆ ನನ್ನ ಕಡೆ ನೋಡಿದಳು. ಇಬ್ಬರೂ ಮೇಲೆ ಹೋದರು. ಮರದ ಮೆಟ್ಟಿಲು ಕಿರುಗುಟ್ಟಿದ್ದು ಕೇಳಿಸಿತು, ಆಮೇಲೆ ಹಜಾರದ ಮೇಲಿನ ಹಸಿರು ಪಟ್ಟಿಗಳು ಒಟ್ಟಿಗೆ ಮಗುಚಿದ ಸದ್ದು. ಅಂಗಳದಲ್ಲಿದ್ದ ನಾನು ಅವರಿಗೆ ಕಾಣುತ್ತಿದ್ದೆ, ನನಗೆ ಅವರು ಕಾಣುತ್ತಿರಲಿಲ್ಲ. ಅವಳ ನಗು ಕೇಳಿಸುತ್ತಿತ್ತು. ಟೇಪಿನ ಇನ್ನೊಂದು ತುದಿಗೆ ಒಂದು ಇಟ್ಟಿಗೆ ಹೇರಿ ಅಳತೆ ಮುಗಿಸಿದೆ.

ಆ ಮನೆ ಈಗಿಲ್ಲ, ತಗಡಿನ ಬೇಲಿಯಿದೆ. ಕೆಳಗಿನ ಅಂತಸ್ತಿನ ನಕ್ಷೆಯನ್ನು ನಾನು ಪೂರ್ತಿ ಬರೆದಿದ್ದೇನೆ. ಮೇಲಿನ ಕೋಣೆಯ ಫೋಟೋಗಳನ್ನು ಅವಳು ಮಾತಿಲ್ಲದೆ ಕಳಿಸಿದ್ದಳು. ಫೋಟೋ ನೋಡಿ ನಕ್ಷೆ ಬರೆಯಬಹುದಿತ್ತು, ಮನಸ್ಸಾಗಲಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದೇನೆ. ಮೂರು ತಿಂಗಳು ಅವಳು ಭಾನುವಾರಗಳಿಗೆ ಬರಲಿಲ್ಲ. ಕ್ಷಮೆ ಕೇಳಿ ಒಂದು ಮೆಸೇಜು ಹಾಕಿದೆ, ಓದಿದಳು, ಉತ್ತರಿಸಲಿಲ್ಲ.

ಮೊನ್ನೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬಂತು. ಅದೇ ಬೀದಿಯ ಪಶ್ಚಿಮದ ಸಾಲಿನ ದುಂಡು ಬಾಲ್ಕನಿಯ ಮನೆಯೊಳಗಿನ ಫೋಟೋ: ಸುತ್ತಿಕೊಂಡು ಏರುವ ಮೆಟ್ಟಿಲು, ಬಣ್ಣದ ಚೂರುಗಳ ನೆಲ. ಕೆಳಗೆ, "ಇವರಿಗೆ ಮನೆಯ ಅಳತೆ ಬೇಕಂತೆ. ಭಾನುವಾರ ನೀವು ಬರ್ತೀರಿ ಅಂತ ಹೇಳಿದೀನಿ. ಬರ್ತೀರಾ?"

ನನ್ನ ಮನಸ್ಸಿಗೆ ಮೊದಲು ಬಂದದ್ದು, ಇವಳು ಅಲ್ಲಿಗೂ ನನಗಿಂತ ಮೊದಲು ಹೋದಳಲ್ಲ ಎಂಬುದು. ಫೋಟೋವನ್ನು ದೊಡ್ಡದು ಮಾಡಿ ಮೆಟ್ಟಿಲು ಎಣಿಸಿದೆ. ಅರ್ಧ ದಿನ ಫೋನ್ ಮುಟ್ಟಲಿಲ್ಲ. ಸಂಜೆ ಚಹಾ ಕುಡಿಯುವಾಗ "ಬರ್ತೇನಿ, ಹತ್ತು ಗಂಟೆಗೆ" ಎಂದು ಬರೆದೆ.