ಮಂಟಯ್ಯ ದಬಾಯಿಸಿದ ಬಗೆ

ಹನಗೋಡಿನ ಬೀಗರೂಟದಲ್ಲಿ ಮೊದಲ ಪಂಕ್ತಿಗೇ ಕುರ್ಚಿ ಸಿಕ್ಕಿತಲ್ಲ ಎಂದು ಅಂಗಿಯ ತೋಳು ಮಡಚಿ, ಎಲೆಗೆ ನೀರು ಚಿಮುಕಿಸಿ, ಪಕ್ಕದವರ ಎದುರು ಬೋಟಿಗೊಜ್ಜಿನ ಗುಣಗಾನ ಶುರು ಮಾಡಿದ್ದೆ. ಹಿಂದಿನಿಂದ ಭುಜದ ಮೇಲೊಂದು ಕೈ ಬಿತ್ತು.

"ಮೇಷ್ಟ್ರೇ, ಇದು ಗಂಡಿನ ಕಡೇರ ಸಾಲು. ಇನ್ನೂ ಉಪ್ಪು ಬಿದ್ದಿಲ್ಲ, ಎದ್ಬುಡಿ."

ಎದ್ದೆ. ಪ್ಲಾಸ್ಟಿಕ್ ಕುರ್ಚಿಯ ಕೈಗಳು ನನ್ನ ಸೊಂಟವನ್ನು ಬಿಡದೆ, ಕುರ್ಚಿಯೂ ನನ್ನ ಜೊತೆಗೇ ಎದ್ದಿತು. ಸಾಲಿಗೆ ಸಾಲೇ ನಕ್ಕಿತು. ನನ್ನನ್ನು ಎಬ್ಬಿಸಿದ ಮಂಟಯ್ಯ ಮಾತ್ರ ನಗದೆ, ಎತ್ತಿನ ಹೆಗಲಿಂದ ನೊಗ ಇಳಿಸುವಷ್ಟು ಸಹಜವಾಗಿ ಕುರ್ಚಿಯನ್ನು ನನ್ನಿಂದ ಬಿಡಿಸಿದ.

ಈ ಮಂಟಯ್ಯ ಗಾವಡಗೆರೆ ಕಡೆಯ ರೈತ. ರಾಗಿ, ಒಂದಿಷ್ಟು ಹೊಗೆಸೊಪ್ಪು ಬೆಳೆಯುತ್ತಾನೆ. ಆದರೆ ಸುತ್ತಮುತ್ತ ಯಾರ ಮನೆಯ ಬಾಡೂಟವಾದರೂ ಪಂಕ್ತಿ ನೋಡಿಕೊಳ್ಳಲು ಅವನೇ ಬೇಕು. ಕುಳ್ಳ ಆಸಾಮಿ, ಹೆಗಲ ಮೇಲೊಂದು ಟವೆಲ್ಲು, ದನಿಯೋ ಪಕ್ಕದ ಎಲೆಗೂ ಕೇಳದು. ಅವನದು ಒಂದೇ ಕಾನೂನು: ಎಲೆಯ ತುದಿಗೆ ಉಪ್ಪು ಬೀಳುವ ತನಕ ಯಾರನ್ನಾದರೂ ಎಬ್ಬಿಸಬಹುದು, ಬಿದ್ದ ಮೇಲೆ ದೇವರೇ ಬಂದರೂ ಕಾಯಬೇಕು. ಅವನ ಕಡೆಯ ಊರುಗಳಲ್ಲಿ ಇದಕ್ಕೆ ಎದುರಾಡುವವರಿಲ್ಲ.

ನಾನು ಹುಣಸೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು. ಆ ವಾರವಷ್ಟೇ ತರಗತಿಯಲ್ಲಿ 'ದಬಾಯಿಸು' ಎಂಬ ಕ್ರಿಯಾಪದದ ಅರ್ಥ ಬಿಡಿಸಿದ್ದೆ. ಅಧಿಕಾರದ ಬಲದಿಂದ, ಜೋರು ಮಾಡಿ, ಇನ್ನೊಬ್ಬರನ್ನು ಅಡಗಿಸುವುದು. ಬಳಕೆ: ಸಾಹೇಬರು ಗುಮಾಸ್ತರನ್ನು ದಬಾಯಿಸುತ್ತಾರೆ, ಗುಮಾಸ್ತರು ಜವಾನನನ್ನು, ಜವಾನ ಅರ್ಜಿ ಹಿಡಿದು ಬಂದವರನ್ನು. ನಾಲೆಯ ನೀರಿನಂತೆ ಈ ಪದ ಇಳಿಜಾರಿಗೇ ಹರಿಯುವುದು ಎಂದು ಹೇಳಿ, ನನ್ನ ಹೋಲಿಕೆಗೆ ನಾನೇ ತಲೆದೂಗಿದ್ದೆ.

"ಏರಿಗೆ ಹತ್ತಲ್ವಾ ಸಾರ್?" ಎಂದು ಪವಿತ್ರಾ ಎಂಬ ಹುಡುಗಿ ಎದ್ದು ನಿಂತು ಕೇಳಿದಳು. ಗದರಿ ಕೂರಿಸಿದೆ. ಪದಕ್ಕೆ ಒಳ್ಳೆಯ ಉದಾಹರಣೆಯೊಂದನ್ನು ಕೊಟ್ಟಂತಾಯಿತು.

ಬೀಗರೂಟಕ್ಕೆ ಮರಳಿ ಬರೋಣ. ನಾನು ಮೂರನೆಯ ಪಂಕ್ತಿಯಲ್ಲಿ ಜಾಗ ಹಿಡಿದು, ಉಂಡು, ಎಲೆಯಡಿಕೆ ಹಾಕಿಕೊಳ್ಳುತ್ತಿದ್ದೆ. ಕೊನೆಯ ಪಂಕ್ತಿ ಬೆಳಗಿನಿಂದ ಈರುಳ್ಳಿ ಹೆಚ್ಚಿ, ಮುದ್ದೆ ಕಟ್ಟಿ, ಪಾತ್ರೆ ತಿಕ್ಕಿದ ಹೆಂಗಸರದು. ಮಂಟಯ್ಯನ ಹೆಂಡತಿ ಬೀರಮ್ಮನೂ ಅವರಲ್ಲೊಬ್ಬಳು. ಹಂಡೆಯಲ್ಲಿ ಉಳಿದಿದ್ದ ಬಾಡು ಒಂದೇ ಸಾಲಿಗೆ ಆಗುವಷ್ಟು. ಹೆಂಗಸರು ಕೂತು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುವ ಹೊತ್ತಿಗೆ ತಾಲ್ಲೂಕು ಪಂಚಾಯ್ತಿಯ ಮಾಜಿ ಸದಸ್ಯ ಚಲುವರಾಜು ಜೀಪಿನ ತುಂಬ ಹಿಂಬಾಲಕರನ್ನು ಹೇರಿಕೊಂಡು ಬಂದ.

"ಲೇ ಮಂಟ, ಈ ಎಣ್ಮಕ್ಕಳ್ನ ಎಬ್ಸಲಾ. ನಮ್ಗಿನ್ನೂ ಮೂರು ಮನೆಗೆ ಓಗೋದದೆ."

ಹೆಣ್ಣಿನ ತಂದೆ ಕನಕರಾಜುವಿನ ಮುಖ ಬಿಳಿಚಿಕೊಂಡಿತು. "ಎಂಗೂ ಮನೇರೇ ಅಲ್ವಾ ಮಂಟಯ್ಯ, ಆಮೇಲೆ ತಿಳಿಸಾರು ಅನ್ನ ಉಂಡ್ಕತಾರೆ. ಎಬ್ಸಪ್ಪ" ಎಂದು ಪಿಸುಗುಟ್ಟಿದ. ಇಬ್ಬರು ಹೆಂಗಸರು ಆಗಲೇ ಅರ್ಧ ಎದ್ದಿದ್ದರು.

"ತಡೀರಣ್ಣ, ಬತ್ತೀನಿ" ಎಂದ ಮಂಟಯ್ಯ ಉಪ್ಪಿನ ಬಟ್ಟಲು ಹಿಡಿದು ಸಾಲಿನ ಆ ತುದಿಗೆ ಹೋದ. ಓಡಲಿಲ್ಲ. ಬಿತ್ತನೆಯವನಂತೆ ಎಲೆಗೊಂದು ಚಿಟಿಕೆ ಹಾಕುತ್ತ ಈ ತುದಿಗೆ ಬಂದ. ಅರ್ಧ ಎದ್ದವರ ಎಲೆಗೂ ಹಾಕಿದ. ಅವರು ಕೂತರು.

"ಉಪ್ಪು ಬಿದ್ಬುಡ್ತು ಕಣಣ್ಣ."

"ನಾ ಏಳಿದ್ಮೇಲೆ ಆಕ್ದಲ್ಲೋ! ನಾನ್ಯಾರು ಗೊತ್ತೇನ್ಲಾ? ನಿನ್ನ ಎಂಡ್ರು ಅಲ್ಲಿ ಕೂತವ್ಳೆ ಅಂತ್ಲಾ?"

"ಊ ಕಣಣ್ಣ, ಅವ್ಳೂ ಅವ್ಳೆ. ಬೇಕಾದ್ರೆ ನೀವೇ ಎಬ್ಸಿ."

ಚಲುವರಾಜು ಸಾಲಿನತ್ತ ನೋಡಿದ. ಸಾಲಿನ ಹೆಂಗಸರೆಲ್ಲ ಅವನತ್ತ ನೋಡಿದರು. ಹಿಂಬಾಲಕರು ತಂತಮ್ಮ ಮೊಬೈಲು ನೋಡಿಕೊಂಡರು. ನಾಳೆ ಅವನು ವೋಟು ಕೇಳಲು ಹೋಗಬೇಕಾದದ್ದು ಈ ಹೆಂಗಸರ ಮನೆಗಳಿಗೇ. ಉಪ್ಪು ಬಿದ್ದ ಎಲೆಯ ಮುಂದಿಂದ ಎಬ್ಬಿಸಿದವನೆಂಬ ಹೆಸರು ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿರುತ್ತದೆ.

"ಉಣ್ಲಿ ಬುಡು, ಪಾಪ" ಎಂದ, ತಾನೇ ಬಡಿಸಿದವನ ಗತ್ತಿನಲ್ಲಿ. ಆಮೇಲೆ ತಿಳಿಸಾರು ಅನ್ನ ಉಂಡು ಹೋದ.

ಎಲ್ಲ ಮುಗಿದ ಮೇಲೆ ಮಂಟಯ್ಯನೂ ಅದೇ ತಿಳಿಸಾರಿಗೆ ಕೂತ. ಅವನ ಮುಂದೆ ಎಲೆ ಹಾಕಿದವಳು ಬೀರಮ್ಮ. ಕೈಗಳಿಲ್ಲದ ಕುರ್ಚಿಯೊಂದನ್ನು ಹುಡುಕಿ ತಂದು ನಾನು ಪಕ್ಕದಲ್ಲಿ ಕುಳಿತೆ. ಸೋಮವಾರ ಪವಿತ್ರಾಳಿಗೆ ಹೇಳಲು ಏನಾದರೂ ಬೇಕಿತ್ತು.

"ಅಲ್ಲ ಮಂಟಯ್ಯ, ಅಂಥವನನ್ನೇ ಒಂದು ಜೋರು ಮಾತಿಲ್ಲದೆ ದಬಾಯಿಸಿಬಿಟ್ಟೆಯಲ್ಲ! ಮನೇಲೂ ಹಿಂಗೇ ನಡೆಯುತ್ತಾ ನಿನ್ನ ದರ್ಬಾರು?"

ಮಂಟಯ್ಯ ಅನ್ನ ಕಲಸುತ್ತ, ತಲೆ ಎತ್ತದೆ ಹೇಳಿದ:

"ಮನೇಲಿ ಉಪ್ಪು ಆಕೋಳು ಬೀರಮ್ಮ ಕಣ್ರೀ, ಮೇಷ್ಟ್ರೇ."