ಉಗ್ರಾಣದ ಗೊಂಚಲು, ಕಾರಿನ ಚಾವಿ

ನಮ್ಮ ಮನೆಯಲ್ಲಿ ನನಗೆ ಹೊಟ್ಟೆಕಿಚ್ಚು ಇದ್ದದ್ದು ಒಬ್ಬಳ ಮೇಲೆ, ಅದರಲ್ಲೂ ಅವಳ ಸೊಂಟದ ಮೇಲೆ. ಅವಳು ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ಓರಗಿತ್ತಿ. ಅಕ್ಕ ಎಂದೇ ಕರೆಯುತ್ತಿದ್ದೆ. ಅಕ್ಕನ ಸೊಂಟಕ್ಕೆ ಮನೆಯ ಬೀಗದ ಕೈಗಳ ಗೊಂಚಲು ಸಿಕ್ಕಿಸಿರುತ್ತಿತ್ತು. ಉಗ್ರಾಣದ್ದು, ಪಾತ್ರೆ ಪೆಟ್ಟಿಗೆಯದು, ಬೆಳ್ಳುಳ್ಳಿ ಹರಡುವ ಅಟ್ಟದ್ದು, ಹಿತ್ತಿಲ ಬಾಗಿಲಿನದು. ಎಲ್ಲ ಹಳೇ ಕಾಲದ ದಪ್ಪ ಕಬ್ಬಿಣದವು. ಅಕ್ಕ ಪಡಸಾಲೆಯಲ್ಲಿ ನಡೆದರೆ ಅಡುಗೆಮನೆಯಲ್ಲಿದ್ದ ನನಗೆ ಗೊತ್ತಾಗುತ್ತಿತ್ತು. ಆ ಝಣಝಣ ಕೇಳಿದಾಗಲೆಲ್ಲ ನನ್ನ ಹೊಟ್ಟೆಯೊಳಗೆ ಇನ್ನೊಂದು ಒಲೆ ಹೊತ್ತಿಕೊಳ್ಳುತ್ತಿತ್ತು. ನನಗೆ ಆ ಗೊಂಚಲು ಬೇಕಿತ್ತು. ಚಿನ್ನ ಬೇಡ, ಸೀರೆ ಬೇಡ, ಅದೊಂದು ಬೇಕಿತ್ತು.

ಕಾರಣ ಕೇಳುವವರಿಗೆ ಹೇಳುತ್ತೇನೆ. ಮದುವೆಯಾಗಿ ದೊಡ್ಡಗಾಜನೂರಿಗೆ ಬಂದ ಹೊಸದರಲ್ಲಿ ನನ್ನ ಅವ್ವ ಪಣಕಹಳ್ಳಿಯಿಂದ ನನ್ನನ್ನು ನೋಡಲು ಬಂದಿದ್ದಳು. ಹೊರಡುವಾಗ ಅವಳ ಕೈಗೆ ಒಂದು ಅಚ್ಚು ಬೆಲ್ಲ ಕೊಡೋಣ ಅನ್ನಿಸಿತು. ಬೆಲ್ಲ ಉಗ್ರಾಣದಲ್ಲಿ, ಬೀಗದ ಕೈ ಅಕ್ಕನ ಸೊಂಟದಲ್ಲಿ, ಅಕ್ಕ ಹೊಲದಲ್ಲಿ. ಅವ್ವನನ್ನು ಜಗಲಿ ಮೇಲೆ ಕೂರಿಸಿ ಹೊಲಕ್ಕೆ ಓಡಿದೆ. ಅಕ್ಕ ಇಲ್ಲ ಎನ್ನುವವಳಲ್ಲ. ಕೈ ತೊಳೆದುಕೊಂಡು ಬಂದು, ಬೀಗ ತೆಗೆದು, ಒಂದು ಕೇಳಿದರೆ ಎರಡು ಅಚ್ಚು ಕೊಟ್ಟಳು. ಅಷ್ಟರಲ್ಲಿ ಬಸ್ಸು ಹೋಗಿತ್ತು. ಅವ್ವ ಬೆಲ್ಲವನ್ನು ಮಡಿಲಲ್ಲಿ ಕಟ್ಟಿಕೊಂಡು ಬಿಸಿಲಲ್ಲಿ ನಡೆದೇ ಹೋದಳು. ಹೋಗುವಾಗ ನನ್ನ ಕಿವಿಯಲ್ಲಿ, "ನಿಮ್ ಓರ್ಗಿತ್ತಿ ಕೈ ದೊಡ್ಡದು ಕಣಮ್ಮಿ" ಎಂದಳು. ನನ್ನ ಅವ್ವನಿಗೆ ನನ್ನ ಮನೆಯ ಬೆಲ್ಲ ಕೊಟ್ಟು ಹೆಸರು ತೆಗೆದುಕೊಂಡವಳು ಅಕ್ಕ. ಉರಿಯದೆ ಇರುತ್ತದೆಯೇ?

ಗೊಂಚಲು ಮೊದಲು ನಮ್ಮ ಅತ್ತೆಯದಾಗಿತ್ತು. ಕಣ್ಣು ಮಂಜಾದ ಮೇಲೆ ಹಿರಿಸೊಸೆಗೆ ಕೊಟ್ಟರು, ಕೊಡುವಾಗ ಎರಡು ಮಾತನ್ನೂ ಕಟ್ಟಿ ಕೊಟ್ಟರು. ಗೊಂಚಲನ್ನು ಬಿಡಿಸಬಾರದು, ಬಿಡಿಸಿದರೆ ಮನೆಯ ಒಲೆ ಎರಡಾಗುತ್ತದೆ. ಗೊಂಚಲು ರಾತ್ರಿ ಮನೆಯಾಚೆ ಉಳಿಯಬಾರದು, ದೀಪ ಹಚ್ಚುವ ಹೊತ್ತಿಗೆ ಅದನ್ನು ಇಟ್ಟುಕೊಂಡವಳು ಮನೆಯಲ್ಲಿರಬೇಕು. ನಾನು ಪಣಕಹಳ್ಳಿಗೆ ಹೋದರೆ ವಾರಗಟ್ಟಲೆ ಕೂತು ಅವ್ವನ ಕೈಯಲ್ಲಿ ತಲೆ ಬಾಚಿಸಿಕೊಂಡು ಬರುತ್ತಿದ್ದೆ. ಅಕ್ಕ ತವರಿನಲ್ಲಿ ಒಂದು ರಾತ್ರಿ ಉಳಿದದ್ದನ್ನು ನಾನು ಕಂಡಿರಲಿಲ್ಲ. ಅವಳ ತವರು ಚಾಮರಾಜನಗರದ ಆಚೆಗೆ, ಬೆಳಗ್ಗೆ ಹೋಗಿ ಸಂಜೆಗೆ ಬರುವಷ್ಟು ಹತ್ತಿರವಲ್ಲ. ಯಜಮಾನಿಕೆ ಇರುವಾಗ ತವರು ಯಾಕೆ ಬೇಕು, ಎಲ್ಲ ಗತ್ತು ಎಂದುಕೊಂಡಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಮ್ಮವರು ಒಂದು ಹಳೇ ಕಾರು ತಂದರು. ನೀಲಗಿರಿ ಕಡೆಯ ಯಾವುದೋ ತೋಟದ ದೊರೆ ಬಿಟ್ಟುಹೋಗಿದ್ದ ಗಾಡಿ. ದೊಡ್ಡ ಹೊಟ್ಟೆ, ಮುಂದೆ ಉದ್ದನೆ ಸೀಟು. ಸ್ಟೀರಿಂಗಿನ ಕಂಬಕ್ಕೇ ಚಾವಿ ಹಾಕುವ ತೂತು. ಓಡಿಸುತ್ತಿದ್ದವರು ನಮ್ಮವರೊಬ್ಬರೇ. ಭಾವನಿಗೆ ಕಾರು ಹತ್ತಿದರೆ ವಾಂತಿ, ಎಲ್ಲಿಗಾದರೂ ಸೈಕಲ್ಲೇ. ಗಾಡಿ ಬಂದ ದಿನ ಅತ್ತೆ ಬಾನೆಟ್ಟು ಸವರಿ, ಕುಂಕುಮ ಇಟ್ಟು, ಚಾವಿ ಎಲ್ಲಿ ಎಂದು ಕೈ ಚಾಚಿದರು. ನಾನು ಖುಷಿಯಲ್ಲಿದ್ದೆ. ಓಡಿಸುವವರು ನನ್ನ ಗಂಡ, ಚಾವಿ ನನ್ನ ಹತ್ತಿರ ಬರುತ್ತದೆ ಎಂದು ಲೆಕ್ಕ.

"ಮನೆ ಬೀಗುದ್ಕೈ ಎಲ್ಲಾ ಒಂದೇ ಕಡೆ ಇರ್ಬೇಕು" ಎಂದು ಅತ್ತೆ ಅದನ್ನೂ ಅಕ್ಕನ ಗೊಂಚಲಿಗೆ ಪೋಣಿಸಿಬಿಟ್ಟರು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ನಾಟಕ. ಕಾರು ಹೊರಡಬೇಕಾದರೆ ಗೊಂಚಲು ಪೂರ್ತಿ ಹೋಗಬೇಕು. ಗೊಂಚಲು ಹೋದರೆ ಉಗ್ರಾಣ ಮುಚ್ಚಿತು. ಅಕ್ಕ ಬೆಳಗ್ಗೆಯೇ ಹಿಟ್ಟು, ಎಣ್ಣೆ, ಮೆಣಸಿನಕಾಯಿ ಅಳೆದು ಹೊರಗಿಟ್ಟು ಗೊಂಚಲು ಕೊಡುತ್ತಿದ್ದಳು. ನಮ್ಮವರು ಕೋಸಿನ ಸಂತೆಗೆಂದು ಸತ್ಯಮಂಗಲಕ್ಕೆ ಹೋದರೆ ದಿಂಬಂ ಘಾಟಿಯ ತಿರುವು ತಿರುವಿಗೂ ನಮ್ಮ ಉಗ್ರಾಣ, ಪೆಟ್ಟಿಗೆ, ಅಟ್ಟ ಎಲ್ಲ ಸ್ಟೀರಿಂಗಿನ ಕೆಳಗೆ ಜೋತಾಡಿ ಅವರ ಮೊಣಕಾಲಿಗೆ ಬಡಿಯುತ್ತಿದ್ದವು. ಮಂಡಿ ಮೇಲೆ ಕಪ್ಪು ಗುರುತೇ ಬಿದ್ದಿತ್ತು. ಅದಕ್ಕೆ ಎಣ್ಣೆ ಹಚ್ಚಿ ಉಜ್ಜುವ ಕೆಲಸ ಮಾತ್ರ ನನ್ನದು.

ಒಂದು ಬೆಳಗ್ಗೆ ಚಾವಿ ಹಾಕಿ ತಿರುಗಿಸಿದರೆ ಗಾಡಿಗೆ ಉಸಿರೇ ಇಲ್ಲ. ಚಾವಿ ಅತ್ತಿಂದಿತ್ತ ಸಡಿಲವಾಗಿ ತಿರುಗುತ್ತಿತ್ತು. ನಮ್ಮವರು ಬ್ಯಾಟರಿಯ ವೈರು ಬಿಚ್ಚಿ, ಸ್ಟೀರಿಂಗಿನ ಕೆಳಗೆ ಅಂಗಾತ ಮಲಗಿ, ಕಂಬದ ಅಡಿಯ ತಗಡು ತೆಗೆದು ನೋಡಿದರು.

"ಚಾವಿ ಮ್ಯಾಲೆ ತಿರುಗ್ತದೆ, ಸ್ವಿಚ್ಚು ಕೆಳ್ಗದೆ. ನಡುವ್ಲ ಕಂಬಿ ಮುರ್ದೋಗದೆ" ಎಂದರು.

ವಿಷಯ ಅಷ್ಟೇ. ಚಾವಿ ಹಾಕುವ ಜಾಗದಲ್ಲಿ ಸ್ವಿಚ್ಚು ಇರಲಿಲ್ಲ. ಅದು ಕೆಳಗೆ, ಕಂಬದ ಬೆನ್ನಿಗೆ ಅಂಟಿಕೊಂಡಿತ್ತು. ಚಾವಿ ತಿರುಗಿಸಿದರೆ ಒಳಗಿನ ಒಂದು ಸಣ್ಣ ಕಂಬಿ ಸರಿದು ಸ್ವಿಚ್ಚನ್ನು ಎಳೆಯಬೇಕು. ಆ ಕಂಬಿಯ ತುದಿಯ ಕೊಕ್ಕೆ ಸವೆದು ತುಂಡಾಗಿತ್ತು. ಹೊಸದು ಬೇಕೆಂದರೆ ಕೋಯಮತ್ತೂರಿಗೆ ಹೋಗಬೇಕು, ಅಲ್ಲಿ ಈ ಮುದಿ ಗಾಡಿಯ ಹೆಸರು ಹೇಳಿದರೆ 'ಕಿಡೈಕ್ಕಾದು', ಸಿಗಲ್ಲ ಎಂದು ಕೈಯಾಡಿಸಿಬಿಡುತ್ತಿದ್ದರು. ಮನೆಯಲ್ಲೇ ಮಾಡುತ್ತೇನೆ ಎಂದು ನಮ್ಮವರು ಕೂತರು.

ಕೆಳಗೆ ಒಬ್ಬರು ಕಂಬಿ ಹಿಡಿದರೆ ಮೇಲೆ ಒಬ್ಬರು ಚಾವಿ ತಿರುಗಿಸಬೇಕು. ನಾನು ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದೆ. ಜಗಲಿಯಿಂದ ಅತ್ತೆ, "ಗೊಂಚ್ಲು ಅವಳ್ದು, ಅವಳೇ ತಿರುಗಿಸ್ಲಿ. ನೀನು ಒಲೆ ನೋಡೋಗು" ಎಂದರು.

ಅಕ್ಕ ಡ್ರೈವರ್ ಸೀಟಿನಲ್ಲಿ ಕೂತಳು. ನಾನು ಒಲೆಯ ಮುಂದೆ ಕೂತೆ. ಅಡುಗೆಮನೆಯ ಕಿಟಕಿಯಿಂದ ಎಲ್ಲ ಕೇಳುತ್ತಿತ್ತು.

"ತಿರುಗ್ಸಿ ಅತ್ಗೆ."

"ತಿರುಗ್ಸ್ದೆ ಕಣಪ್ಪ."

"ಈಗ ಬುಡಿ. ಇನ್ನೊಂದ್ಸಲ ಅತ್ಗೆ. ಅಂಗೇ ಇಡ್ಕೊಳಿ."

ಬೆಳಗಿನಿಂದ ಅತ್ಗೆ, ಅತ್ಗೆ, ಅತ್ಗೆ. ಮದುವೆಯಾದಾಗಿನಿಂದ ನನ್ನನ್ನು ಅವರು ಅಷ್ಟು ಸಲ ಕರೆದಿದ್ದಾರೋ ಇಲ್ಲವೋ. ಅವರಿಬ್ಬರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ ಎಂದು ನನಗೆ ಗೊತ್ತಿತ್ತು. ನಮ್ಮವರನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದವಳು ಅಕ್ಕ. ಆದರೆ ಹೊಟ್ಟೆಕಿಚ್ಚು ನ್ಯಾಯ ಕೇಳಿಕೊಂಡು ಬರುವುದಿಲ್ಲವಲ್ಲ. ಆ ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಮೊದಲು ಬೇಲಿಯ ತಂತಿ ಬಗ್ಗಿಸಿ ಹಾಕಿದರು. ಚಾವಿ ತಿರುಗಿಸಿದರೆ ತಂತಿ ಬಾಗಿತೇ ಹೊರತು ಸ್ವಿಚ್ಚು ಅಲ್ಲಾಡಲಿಲ್ಲ. ಮಾರನೆಯ ದಿನ ಅವರ ಕಣ್ಣು ಭಾವನ ಸೈಕಲ್ಲಿನ ಹಿಂದಿನ ಬ್ರೇಕಿನ ಕಂಬಿಯ ಮೇಲೆ ಬಿತ್ತು. ಭಾವ ಪೂರ್ತಿ ಹೂಂ ಎನ್ನುವ ಮೊದಲೇ ಅದು ನನ್ನ ಒಲೆಯಲ್ಲಿ ಕೆಂಪಗೆ ಕಾಯುತ್ತಿತ್ತು. ಇಕ್ಕಳದಲ್ಲಿ ಹಿಡಿದು, ಒರಳುಕಲ್ಲಿನ ಅಂಚಿಗೆ ಬಡಿದು, ತುದಿಗೆ ಕೊಕ್ಕೆ ಮಾಡಿದರು. ಕಂಬಿ ಚೂರು ಉದ್ದವಾದರೆ ಚಾವಿ ಬಿಟ್ಟ ಮೇಲೂ ಸ್ಟಾರ್ಟರ್ ಗರ್ ಎನ್ನುತ್ತಲೇ ಇರುತ್ತದೆ, ಗಿಡ್ಡವಾದರೆ ಸ್ಟಾರ್ಟಿನ ತನಕ ಎಟುಕುವುದೇ ಇಲ್ಲ. ಅದಕ್ಕೇ ಹಾಕುವುದು, ತೆಗೆಯುವುದು, ಅರ ಹಾಕಿ ಉಜ್ಜುವುದು, ಮತ್ತೆ ಅತ್ಗೆ ತಿರುಗ್ಸಿ, ಅತ್ಗೆ ಬುಡಿ.

ಮೂರನೆಯ ದಿನ ನಾನು ಮಜ್ಜಿಗೆ ಕೊಡಲು ಕಾರಿನ ಹತ್ತಿರ ಹೋದಾಗ ಸ್ಟೀರಿಂಗಿನ ಕೆಳಗಿನಿಂದ ಒಂದು ಮಸಿ ಕೈ ಹೊರಗೆ ಬಂತು.

"ಏನಮ್ಮಿ, ಒಂದು ತಲೆ ಪಿನ್ ಕೊಡು. ಕೊಕ್ಕೆ ಜಾರದಂಗೆ ಸಿಗ್ಸ್ಬೇಕು."

ಆ ದೊಡ್ಡ ಕೆಲಸದಲ್ಲಿ ನನ್ನ ಪಾಲಿಗೆ ಬಂದದ್ದು ಅದು. ಜಡೆಯಿಂದ ಕಿತ್ತು ಕೊಟ್ಟೆ.

ನಮ್ಮವರು ಹೊರಗೆ ಬಂದು ಬ್ಯಾಟರಿಗೆ ವೈರು ಕೊಟ್ಟು, ಪಕ್ಕಕ್ಕೆ ಸರಿದು, "ಎಡಗಾಲಲ್ಲಿ ಕ್ಲಚ್ ತುಳ್ಕೊಂಡು ತಿರುಗ್ಸಿ" ಎಂದರು. ಅಕ್ಕ ತುಳಿದಳು, ತಿರುಗಿಸಿದಳು. ಎಂಜಿನ್ನು ಗುಡುಗಿತು. ಆ ಸಂತೋಷದಲ್ಲಿ ಅವಳು ಕಾಲು ತೆಗೆದಳು. ಗೇರಿನಲ್ಲಿದ್ದ ಗಾಡಿ ಗಕ್ಕನೆ ಮುಂದೆ ನೆಗೆದು, ಕೋಳಿಗಳನ್ನೆಲ್ಲ ಚದುರಿಸಿ, ತಿಪ್ಪೆಗೆ ಮೂತಿ ಒತ್ತಿ ನಿಂತಿತು. ಒಳಗಿನಿಂದ ನಗು ಕೇಳಿಸಿತು. ಅಕ್ಕನದು. ಸ್ಟೀರಿಂಗಿನ ಮೇಲೆ ತಲೆ ಇಟ್ಟು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಆ ಮನೆಯಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಆ ನಗುವಿಗೂ ಉರಿದುಕೊಂಡೆ.

ಊಟಕ್ಕೆ ಕೂತಾಗ ನಮ್ಮವರು ಅತ್ತೆಗೆ ಹೇಳಿದರು. "ಗೊಂಚ್ಲು ತೂಕುಕ್ಕೇ ಮುರ್ದಿರೋದು ಕಣವ್ವ. ಜಗ್ಗಿ ಜಗ್ಗಿ ಕೊಕ್ಕೆ ಸವ್ದದೆ. ಕಾರ್ ಚಾವಿ ಬ್ಯಾರೆ ಇರ್ಬೇಕು, ಇಲ್ದಿದ್ರೆ ಇದೂ ಮುರೀತದೆ."

"ಗೊಂಚ್ಲು ಬುಡ್ಸಂಗಿಲ್ಲ" ಎಂದರು ಅತ್ತೆ.

ಎಷ್ಟೋ ವರ್ಷದಿಂದ ಕಾದಿದ್ದ ಸಮಯ ಇದೇ ಅನ್ನಿಸಿತು. ಬಾಯಿ ನನ್ನ ಕೈಲಿರಲಿಲ್ಲ.

"ಬುಡ್ಸದ್ಯಾಕತ್ತೆ? ಮನೆ ಬೀಗುದ್ಕೈ ಅಷ್ಟೂ ಒಟ್ಗೇ ಇರ್ಲಿ, ನನ್ ಸೊಂಟ್ದಲ್ಲಿರ್ಲಿ. ಕಾರ್ ಚಾವಿ ಮನೇದಲ್ವಲ್ಲ, ಅದ ಅಕ್ಕನೇ ಮಡಿಕ್ಕೊಳ್ಲಿ."

ಎಂಥ ಜಾಣತನ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಓಡಿಸಲು ಬಾರದವಳಿಗೆ ಚಾವಿ ಕೊಟ್ಟರೇನು, ಹಲ್ಲಿಲ್ಲದವರಿಗೆ ಕಡಲೆ ಕೊಟ್ಟಂತೆ. ಅಕ್ಕ ಜಗಳಕ್ಕೆ ಬರುತ್ತಾಳೆ ಎಂದು ಸೊಂಟ ಕಟ್ಟಿ ಕೂತಿದ್ದೆ. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಆಗಲಿ ಎಂಬಂತೆ ಮುದ್ದೆ ಮುರಿದರು. ಅಕ್ಕ ಎಂಜಲು ಕೈಯನ್ನೂ ತೊಳೆಯದೆ, ಎಡಗೈಯಲ್ಲಿ ಗೊಂಚಲು ಬಿಚ್ಚಿ, ಕಾರಿನ ಚಾವಿಯನ್ನು ಎಳೆದುಕೊಂಡು, ಉಳಿದದ್ದನ್ನು ನನ್ನ ಮಡಿಲಿಗೆ ಹಾಕಿದಳು.

"ತಕ್ಕಳಮ್ಮಿ" ಎಂದಳು. ಅಷ್ಟೇ. ಅಷ್ಟು ಬೇಗ ಯಾರಾದರೂ ರಾಜ್ಯ ಬಿಟ್ಟುಕೊಡುತ್ತಾರೆಯೇ ಎಂದು ಆಗಲೇ ಅನುಮಾನ ಬರಬೇಕಿತ್ತು.

ಒಂದಷ್ಟು ದಿನ ನಾನು ಬೇಕೆಂದೇ ಪಡಸಾಲೆಯಲ್ಲಿ ಅಡ್ಡಾಡಿದೆ. ಝಣಝಣ. ಆಮೇಲೆ ಸೊಂಟ ನೋಯಲು ಶುರುವಾಯಿತು. ಬೆಳಗಾದರೆ ಆಳುಗಳಿಗೆ ರಾಗಿ ಅಳೆಯಬೇಕು, ಇಲಿ ಓಡಿಸಬೇಕು, ಬೆಳ್ಳುಳ್ಳಿ ತಿರುವಿ ಹಾಕಬೇಕು. ಒಮ್ಮೆ ಉಗ್ರಾಣದ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದಾಗ, ಕೊಯ್ಲಾದ ಹೊಲದಲ್ಲಿ ಕಾರು ಸುತ್ತು ಹಾಕುತ್ತಿರುವುದು ಕಾಣಿಸಿತು. ಪಕ್ಕದ ಸೀಟಿನಲ್ಲಿ ನಮ್ಮವರು. ಸ್ಟೀರಿಂಗ್ ಹಿಡಿದವಳು ಅಕ್ಕ. ಮೂರು ದಿನ ಆ ಸೀಟಿನಲ್ಲಿ ಕೂತು ಚಾವಿ ತಿರುಗಿಸಿದವಳಿಗೆ ರುಚಿ ಹತ್ತಿತ್ತು.

ಸುಗ್ಗಿ ಮುಗಿದ ಮೇಲೆ ಅಕ್ಕ ತವರಿಗೆ ಹೊರಟಳು. ಹೆಂಗಸು ಕಾರು ಓಡಿಸುವುದನ್ನು ನೋಡಲು ಅರ್ಧ ಊರು ನೆರೆದಿತ್ತು. ಭಾವ ಪಕ್ಕದಲ್ಲಿ ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿ ಕೂತಿದ್ದರು. ಹಿಂದಿನ ಸೀಟಿನಲ್ಲಿ ಬಟ್ಟೆಯ ಗಂಟು ನೋಡಿದೆ. ಒಂದು ಹಗಲಿನ ಗಂಟಲ್ಲ ಅದು.

"ನೀನೂ ಬಾ ಅಮ್ಮಿ" ಎಂದಳು ಅಕ್ಕ. "ಪಣಕಳ್ಳೀಲಿ ಬುಟ್ಟು ಓಯ್ತೀನಿ. ನಿಮ್ಮವ್ವುಂಗೆ ಮೈ ಉಸಾರಿಲ್ವಂತೆ. ಬರ್ವಾಗ ಕರ್ಕಂಡು ಬತ್ತೀನಿ. ನಾಕು ದಿನ ಇದ್ದು ಬಾ."

ನನ್ನ ಕಾಲು ಆಗಲೇ ಬಾಗಿಲ ಹತ್ತಿರ ಹೋಗಿತ್ತು. ಜಗಲಿಯಿಂದ ಅತ್ತೆ ಒಂದೇ ಮಾತು ಕೇಳಿದರು.

"ಗೊಂಚ್ಲು?"

ನನ್ನ ಕೈ ಸೊಂಟಕ್ಕೆ ಹೋಯಿತು. ಅಕ್ಕ ನನ್ನ ಮುಖ ನೋಡಲಿಲ್ಲ, ಸ್ಟೀರಿಂಗ್ ನೋಡಿದಳು. ಅವಳು ಎಷ್ಟು ವರ್ಷ ಹೀಗೆ ಸೊಂಟ ಮುಟ್ಟಿಕೊಂಡು ನಿಂತಿದ್ದಳೋ ಅವಳಿಗೇ ಗೊತ್ತು. ಆಮೇಲೆ ಮೆಲ್ಲಗೆ, "ಅವ್ವುಂಗೆ ಏನಾರ ಕೊಡೋದಿದ್ರೆ ಕೊಡು. ನಾನೇ ಕೊಟ್ಟು ಓಯ್ತೀನಿ" ಎಂದಳು.

ಒಳಗೆ ಹೋದೆ. ಉಗ್ರಾಣದ ಬೀಗ ತೆಗೆದೆ. ಯಾರನ್ನೂ ಕೇಳಲಿಲ್ಲ, ಯಾರನ್ನೂ ಕರೆಯಲು ಹೊಲಕ್ಕೆ ಓಡಲಿಲ್ಲ. ಮಡಿಲು ಹಿಡಿಯುವಷ್ಟು ಬೆಲ್ಲದ ಅಚ್ಚು ತಂದು ಅಕ್ಕನ ಪಕ್ಕ ಸುರಿದೆ. ನನ್ನ ಅವ್ವನ ಕೈಗೆ ಅದನ್ನು ಇಡುವವಳು ಮತ್ತೆ ಅವಳೇ. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತಿದೆ.

ಅಕ್ಕ ಚಾವಿ ತಿರುಗಿಸಿದಳು. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನಮ್ಮವರ ರಿಪೇರಿ ಅಷ್ಟು ಗಟ್ಟಿಯಾಗಿತ್ತು. ನನ್ನ ತಲೆ ಪಿನ್ನು ಅದರೊಳಗೇ ಇತ್ತು, ಬೆಲ್ಲದ ಜೊತೆ ಅದೂ ಪಣಕಹಳ್ಳಿಗೆ ಹೋಯಿತು.